ರಿಕಾಲ್ ಆದ ಗಾಡಿ ಮ್ಯಾಲ ಭರವಸೆ ಇಡಬಹುದಾ? ಗಂಗಾವತಿಯಿಂದ ಒಂದು ವ್ಲಾಗ್

ನಮಸ್ಕಾರ್ರೀ ಎಲ್ಲಾರಿಗೂ. ಈಗ ನಿಮಗ ಕಾಣಾಕತ್ತಿದ್ದು ಗಂಗಾವತಿ. ಎಡಕ್ಕ ರೈಸ್ ಮಿಲ್ಲು, ಬಲಕ್ಕ ನೆಲ್ಲು ತುಂಬಿದ ಲಾರಿ ಸಾಲು, ನಡುವ ನಮ್ಮ ಮಂದಿ ಕಾರು. ನೀವು ಆ ಕಾರುಗಳ ನಂಬರ್ ಪ್ಲೇಟ್ ಸ್ವಲ್ಪ ಗಮನ ಕೊಟ್ಟು ನೋಡ್ರಿ. ಕೆಎ 37 ನಮ್ಮ ಕೊಪ್ಪಳ ಜಿಲ್ಲಾದು. ಆದ್ರ ಕೆಎ 01, ಕೆಎ 03, ಕೆಎ 05, ಹಿಂಗ ಬೆಂಗಳೂರು ನಂಬರಿನ ಗಾಡಿಗೂ ಇಲ್ಲೆ ಕಡಿಮಿ ಇಲ್ಲ. ಅವು ಬೆಂಗಳೂರಾಗ ಹುಟ್ಟಿ, ಅಲ್ಲೆ ನಾಕೈದು ವರ್ಷ ಓಡಿ, ಏಜೆಂಟ್ರ ಕೈಯಾಗ ನಮ್ಮೂರಿಗೆ ಬಂದ ಗಾಡಿ. ಇದನ್ನ ನೆನಪಿಟ್ಕೋರಿ, ಇವತ್ತಿನ ಮಾತೆಲ್ಲಾ ಇದರ ಮ್ಯಾಲನ ಐತಿ.

ಗಾಡಿ ತಗೊಳ್ಳೂ ಮುಂಚೆ ನಮ್ಮ ಮಂದಿ ಮೊದ್ಲು ಏನ್ ಕೇಳ್ತಿದ್ರು? ಮೈಲೇಜ್ ಎಷ್ಟು, ಮಾರಿದ್ರ ಎಷ್ಟು ಬರ್ತೈತಿ, ಪಾರ್ಟ್ಸ್ ಸಿಗ್ತಾವಾ. ಈಗೀಗ ಇನ್ನೊಂದು ಪ್ರಶ್ನೆ ಸೇರೈತಿ. "ಆ ಕಂಪನಿದು ರಿಕಾಲ್ ಆಗೈತಂತಲ್ಲ, ತಗೋಬಹುದಾ?" ಈ ಪ್ರಶ್ನೆ ಕೇಳಾಕತ್ತಾರಲ್ಲ, ಅದು ಒಳ್ಳೇದ. ನನಗ ಬ್ಯಾಸರ ಆಗೂದು ಅದಕ್ಕ ಸಿಗೂ ಉತ್ತರ ಕೇಳಿ. "ರಿಕಾಲ್ ಆತು ಅಂದ್ರ ಆ ಗಾಡಿ ಡಬ್ಬಾ, ಬ್ಯಾರೆ ನೋಡು" ಅಂತ ಒಂದ ಮಾತಿನಾಗ ಮುಗಿಸಿಬಿಡ್ತಾರ. ಯಾವ ಕಂಪನಿ ರಿಕಾಲ್ ಸುದ್ದಿ ಪೇಪರಿನಾಗ ಬಂದಿಲ್ಲೋ ಅದಾ ಭರವಸೆದು ಅಂತ ನಂಬ್ತಾರ. ಇದು ಪೂರಾ ಉಲ್ಟಾ ಲೆಕ್ಕ.

ರಿಕಾಲ್ ಅಂದ್ರ ಇಷ್ಟ. ಮಾರಿದ ಗಾಡ್ಯಾಗ ಜೀವಕ್ಕ ಅಪಾಯ ತರೂ ದೋಷ ಐತಿ ಅಂತ ಗೊತ್ತಾದ ಮ್ಯಾಲ, ಕಂಪನಿ ಆ ಗಾಡಿಗಳನ್ನ ವಾಪಸ್ ಕರದು, ಆ ಪಾರ್ಟ್ ಪುಕ್ಕಟೆ ಬದಲಿ ಮಾಡಿಕೊಡೂದು. ವಾರಂಟಿ ಮುಗದಿದ್ರೂ ರೊಕ್ಕ ಕೇಳೂಹಂಗಿಲ್ಲ.

ಎರಡು ಉದಾಹರಣೆ ಹೇಳ್ತೀನಿ, ಎರಡೂ ಜಗತ್ತಿಗೆ ಗೊತ್ತಿರೂವ. 2014ರಾಗ ಅಮೆರಿಕಾದ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಗಾಡಿ ವಾಪಸ್ ಕರೀತು. ದೋಷ ಇದ್ದಿದ್ದು ಕೀಲಿ ಹಾಕೂ ಸ್ವಿಚ್ಚಿನಾಗ. ಕೀಲಿ ಗೊಂಚಲು ಭಾರ ಇತ್ತು ಅಂದ್ರ, ಇಲ್ಲಾ ರಸ್ತೆ ಮ್ಯಾಲ ಗಾಡಿ ಧಡಕ್ಕಂತ ಜಿಗೀತು ಅಂದ್ರ, ಸ್ವಿಚ್ ತಾನಾ ಜಾರಿ ಎಂಜಿನ್ ಬಂದ್. ಎಂಜಿನ್ ಬಂದ್ ಆದಮ್ಯಾಲ ಏರ್‌ಬ್ಯಾಗೂ ತೆರ್ಕೊಳ್ಳಂಗಿಲ್ಲ. ಇದು ಕಂಪನಿ ಎಂಜಿನಿಯರ್‌ಗಳಿಗೆ ಸುಮಾರು ಹತ್ತು ವರ್ಷದ ಹಿಂದನ ಗೊತ್ತಿತ್ತು. ಗೊತ್ತಿದ್ದೂ ಕರೀಲಿಲ್ಲ. ಕಡೀಕ ಪರಿಹಾರ ಕೊಡೂ ಮುಂದ ಒಪ್ಪಿಕೊಂಡ ಸಾವು 124. ಆ ಹತ್ತು ವರ್ಷ ಯಾರರ ಒಬ್ರು "ಈ ಗಾಡಿಗೆ ರಿಕಾಲ್ ಇಲ್ಲ, ಚೊಲೋ ಗಾಡಿ" ಅಂತ ನಂಬಿ ತಗೊಂಡಿರ್ತಾರ ಅಲ್ಲರೀ? ಆ ಮನಿಯವರನ್ನ ನೆನಸ್ಕೊಂಡ್ರ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಇನ್ನೊಂದು ನಮ್ಮ ದೇಶದ್ದು. 2023 ಜನವರಿಯೊಳಗ ಮಾರುತಿ ಸುಜುಕಿ 17,362 ಗಾಡಿ ವಾಪಸ್ ಕರೀತು. ಆಲ್ಟೊ ಕೆ10, ಬಲೆನೊ, ಬ್ರೆಝಾ, ಈಕೊ ಇವೆಲ್ಲಾ ಇದ್ದುವು. ಏರ್‌ಬ್ಯಾಗ್ ಕಂಟ್ರೋಲರಿನಾಗ ದೋಷ ಇರಬಹುದು ಅನ್ನೋ ಸಂಶಯ. ತಾರೀಖು ನೋಡ್ರಿ: 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರೊಳಗ ತಯಾರಾದ ಗಾಡಿ. ರಿಕಾಲ್ ಹೊರಗ ಬಿದ್ದಿದ್ದು ಜನವರಿ 18ಕ್ಕ. ಪಾರ್ಟ್ ಬದಲಿ ಆಗೂತನಕ ಗಾಡಿ ಓಡಿಸಬ್ಯಾಡ್ರಿ ಅಂತ ಸ್ವತಾ ಕಂಪನಿನ ಹೇಳ್ತು. ಒಂದು ಕಡೆ ದೋಷ ಗೊತ್ತಾಗಿ ಹತ್ತು ವರ್ಷ, ಇನ್ನೊಂದು ಕಡೆ ಕಡೀ ಗಾಡಿ ತಯಾರಾಗಿ ಆರೇ ದಿನ. ಎರಡಕ್ಕೂ ನಾವು "ರಿಕಾಲ್ ಆಗೈತಿ" ಅಂತ ಒಂದ ಮಾತು ಹೇಳ್ತೀವಿ. ದೋಷ ಆಗಿದ್ದು ಕಂಪನಿ ತಪ್ಪ ಅಲ್ಲಂತಲ್ಲ. ಹೌದು, ಅದು ತಪ್ಪ. ಆದ್ರ ನಾನು ಭರವಸೆ ತೂಗೂದು ದೋಷದ ಮ್ಯಾಲಲ್ಲ. ಗೊತ್ತಾದ ದಿನಕ್ಕೂ ನಮಗ ಹೇಳಿದ ದಿನಕ್ಕೂ ನಡುವ ಎಷ್ಟು ಅಂತರ ಐತಿ, ಅದರ ಮ್ಯಾಲ.

ಬಾನೆಟ್ ಮ್ಯಾಲಿನ ಹೆಸರು ನೋಡಿ ಬೈಯೂದ್ರಾಗೂ ಒಂದು ತಪ್ಪು ಐತಿ. ತಕಾಟಾ ಅಂತ ಜಪಾನಿನ ಕಂಪನಿ ಇತ್ತು, ಏರ್‌ಬ್ಯಾಗ್ ಮಾಡ್ತಿತ್ತು. ಹೋಂಡಾ, ಟೊಯೊಟಾ, ಫೋರ್ಡ್, ಬಿಎಂಡಬ್ಲ್ಯು ಎಲ್ಲಾರಿಗೂ ಅದಾ ಕೊಡ್ತಿತ್ತು. ಏರ್‌ಬ್ಯಾಗ್ ಉಬ್ಬಾಕ ಒಳಗ ಅಮೋನಿಯಂ ನೈಟ್ರೇಟ್ ಅನ್ನೋ ರಾಸಾಯನಿಕ ಪುಡಿ ಬಿಲ್ಲೆ ಹಾಕಿದ್ರು. ವರ್ಷಾನುಗಟ್ಲೆ ಬಿಸಿಲು, ತೇವ, ಹಗಲು ಕಾಯೂದು ರಾತ್ರಿ ತಣ್ಣಗಾಗೂದು, ಇದರಾಗ ಆ ಪುಡಿ ಬಿಲ್ಲೆ ಹದ ಕೆಟ್ಟು, ಉರಿಯೂ ಹೊತ್ತಿಗೆ ಒಮ್ಮೆಲೆ ಸಿಡೀತು. ಸುತ್ತ ಇದ್ದ ಲೋಹದ ಡಬ್ಬಿ ಚೂರಾಗಿ ಕುಂತವರ ಕುತ್ತಿಗಿಗೆ, ಮಾರಿಗೆ ಬಡೀತು. ಜೀವ ಉಳಿಸಬೇಕಾದ ಚೀಲ ಜೀವ ತಗೊಂತು. ಅಮೆರಿಕಾದಾಗಷ್ಟ ಸುಮಾರು 6.7 ಕೋಟಿ ಇನ್‌ಫ್ಲೇಟರ್, ಅಂದ್ರ ಏರ್‌ಬ್ಯಾಗ್ ಉಬ್ಬಿಸೂ ಆ ಡಬ್ಬಿ, ವಾಪಸ್ ಕರೀಬೇಕಾತು, 2017ರಾಗ ತಕಾಟಾ ದಿವಾಳಿ ಎದ್ದು ಹೋತು. ಭಾರತದಾಗ 2018ರ ಜನವರಿಯೊಳಗ ಹೋಂಡಾ 2013ರಾಗ ತಯಾರಾದ 22,834 ಸಿಟಿ, ಜಾಝ್, ಅಕಾರ್ಡ್ ಗಾಡಿಗಳನ್ನ ಇದಕ್ಕ ಕರೀತು.

2013ರ ಗಾಡಿ ಈಗ ಎಲ್ಲೆ ಇರ್ತಾವ ಹೇಳ್ರಿ? ಬೆಂಗಳೂರಿನ ಅಪಾರ್ಟ್‌ಮೆಂಟ್ ಕೆಳಗ ಇರಂಗಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ, ಇಂಥಾ ಊರಾಗ ಇರ್ತಾವ.

ಇದನ್ನ ನಾನು ನಮ್ಮ ಮನ್ಯಾಗನ ನೋಡೀನಿ. ಈಗ ಕಾಣಾಕತ್ತಾರಲ್ಲ, ಬಿಳಿ ಅಂಗಿ, ಹೆಗಲ ಮ್ಯಾಲ ಟವೆಲ್ಲು, ಅವರು ನಮ್ಮ ಕಾಕಾ. ಅವರದು ಸೆಕೆಂಡ್ ಹ್ಯಾಂಡ್ ಗಾಡಿ, ಹೈದರಾಬಾದಿನದು. ಕಂಪನಿ ಹೆಸರು ಹೇಳಂಗಿಲ್ಲ, ಬೋರ್ಡೂ ಮುಚ್ಚೀನಿ. ಹುಣ್ಣಿಮಿಗೆ ಹುಲಿಗೆಮ್ಮನ ಗುಡಿಗೆ ಹೋಗೂದು ಅಂದ್ರ ಕಾಕಾ, ಚಿಗವ್ವ, ಮೊಮ್ಮಕ್ಕಳು, ನೈವೇದ್ಯದ ಬುಟ್ಟಿ, ಎಲ್ಲಾ ಆ ಒಂದ ಗಾಡ್ಯಾಗ. ಕೆಲ ದಿನದಿಂದ ಗಾಡಿ ಚಾಲೂ ಆಗಾಕ ತಕರಾರು ಮಾಡ್ತಿತ್ತು, ಏರಿನಾಗ ಜರ್ಕ್ ಹೊಡೀತಿತ್ತು. ಮೇಸ್ತ್ರಿ ಪ್ಲಗ್ ಬದಲಿ ಮಾಡಿದ, ಫಿಲ್ಟರ್ ಬದಲಿ ಮಾಡಿದ, ಪೆಟ್ರೋಲ್ ಬಂಕ್ ಬದಲಿ ಮಾಡ್ರಿ ಅಂದ. ಮೇಸ್ತ್ರಿದೇನೂ ತಪ್ಪಿಲ್ಲ, ಅವನಿಗೆ ಕಂಪನಿ ಏನೂ ತಿಳಿಸಿರಂಗಿಲ್ಲ.

ನಾನು ಆರ್‌ಸಿ ತಗದು ಚಾಸಿ ನಂಬರ್ ನೋಡಿದೆ. ಕ್ಯಾಮೆರಾ ಹತ್ರ ತರ್ತೀನಿ, ನೋಡ್ರಿ. ಒಟ್ಟು 17 ಅಕ್ಷರ. ಭಾರತದಾಗ ತಯಾರಾದ ಕಾರಿನದು ಸಾಮಾನ್ಯ ‘ಎಂ’ ಅಕ್ಷರದಿಂದ ಚಾಲೂ ಆಗ್ತೈತಿ. ಇದರಾಗ ಇಂಗ್ಲಿಷಿನ ‘ಐ’, ‘ಓ’, ‘ಕ್ಯೂ’ ಮೂರು ಅಕ್ಷರ ಎಂದೂ ಬರಂಗಿಲ್ಲ, ಒಂದು ಮತ್ತ ಸೊನ್ನೆ ಜೊತಿ ಗೊಂದಲ ಆಗಬಾರದು ಅಂತ. ಅಂದ್ರ ದುಂಡಗ ಕಂಡಿದ್ದು ಸೊನ್ನೆನ, ಓ ಅಲ್ಲ. ಭಾಳ ಮಂದಿ ಇಲ್ಲೇ ತಪ್ಪು ಒತ್ತಿ, "ರೆಕಾರ್ಡ್ ಸಿಗವಲ್ದು" ಅಂತ ಬಿಟ್ಟುಬಿಡ್ತಾರ. ಕಂಪನಿ ವೆಬ್‌ಸೈಟಿನಾಗ ರಿಕಾಲ್ ನೋಡೂ ಜಾಗ ಇರ್ತೈತಿ, ಅಲ್ಲೆ ಹಾಕಿದೆ. ಬಂತು ನೋಡ್ರಿ ಉತ್ತರ: ಫ್ಯೂಯಲ್ ಪಂಪ್ ಬದಲಿ, ಬಾಕಿ.

ಈ ಪಂಪು ಪೆಟ್ರೋಲ್ ಟ್ಯಾಂಕಿನೊಳಗ ಮುಣುಗಿರ್ತೈತಿ. ಅದರಾಗ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ ತಿರುಗಿ ಪೆಟ್ರೋಲ್ ಎಂಜಿನಿಗೆ ದಬ್ತೈತಿ. ಪ್ಲಾಸ್ಟಿಕ್ಕಿನ ಹದ ಸರಿ ಇರಲಿಲ್ಲ ಅಂದ್ರ ಅದು ಪೆಟ್ರೋಲ್ ಹೀರಿ ಉಬ್ಬಿ, ಕಡೀಕ ಕವಚಕ್ಕ ತಾಗಿ ನಿಂತುಬಿಡ್ತೈತಿ. ಓಡೂ ಗಾಡಿ ನಡು ರಸ್ತೆಯೊಳಗ ಬಂದ್. ಬಂದ್ ಆದ ಗಾಡಿದು ಬ್ರೇಕು ಒಂದೆರಡು ಸಲ ಒತ್ತೂತನಕ ಅಷ್ಟ ಹಗುರ ಇರ್ತೈತಿ, ಆಮ್ಯಾಲ ಪೂರಾ ಕಾಲಿನ ಬಲ ಹಾಕಬೇಕು. ಸ್ಟೇರಿಂಗೂ ಬಿಗಿ ಆಗ್ತೈತಿ. ಗಿಣಿಗೇರಿ ಹತ್ರ ಹಿಂದ ಲೋಡ್ ಲಾರಿ ಬರೂ ಮುಂದ ಹಿಂಗಾತು ಅಂದ್ರ ಏನ್ ಗತಿ? ಒಳಗ ಮಕ್ಕಳು ಕುಂತಿರ್ತಾವ.

ಕಂಪನಿ ರಿಕಾಲ್ ಮಾಡಿತ್ತು, ಖರೆ. ಸುಳ್ಳು ಹೇಳಿಲ್ಲ, ಮುಚ್ಚಿಟ್ಟಿಲ್ಲ. ಆದ್ರ ಮೆಸೇಜ್ ಹೋಗಿದ್ದು ಯಾರಿಗೆ? ಹೈದರಾಬಾದಿನ ಮೊದಲ ಮಾಲಕರಿಗೆ. ಗಾಡಿ ಮಾರಿ ಎಷ್ಟೋ ದಿನ ಆದವರು ಆ ಮೆಸೇಜ್ ಯಾಕ ಓದ್ತಾರ?

ಬ್ಯಾರೆ ಊರಿನ ವರ್ಕ್‌ಶಾಪಿಗೆ ಹೋದ್ವಿ. ಕೌಂಟರಿನಾಗಿನ ಹುಡುಗ, "ಸರ್, ನಿಮ್ಮ ಫೋನಿಗೆ ಮೆಸೇಜ್ ಬಂದೈತ್ರೀ?" ಅಂದ. ಇಲ್ಲ ಅಂದ್ರ, "ಮೆಸೇಜ್ ಬಂದ ಮ್ಯಾಲ ಬರ್ರಿ" ಅಂದ. ಕಾಕಾಗ ಸಿಟ್ಟು ಬರೂದು ಕಡಿಮಿ. ಅವತ್ತ ಬಂತು.

"ತಮ್ಮಾ, ಆರ್‌ಸಿ ನನ್ನ ಹೆಸರಿಗೆ ಐತಿ. ಇನ್ಶೂರೆನ್ಸ್ ಮುಗಿಯಾಕ ಬಂತು ಅಂದ್ರ ನನ್ನ ಫೋನಿಗೆ ಮೆಸೇಜ್ ಬರ್ತೈತಿ. ಸ್ಪೀಡ್ ಹೋದ್ರ ದಂಡದ ಮೆಸೇಜ್ ನನ್ನ ಫೋನಿಗೆ ಬರ್ತೈತಿ. ರೊಕ್ಕ ಕೇಳೂದೆಲ್ಲಾ ನನಗ ಹುಡುಕ್ಕೊಂಡು ಬರ್ತೈತಿ. ಜೀವದ್ದು ಇದೊಂದ ಯಾಕಪಾ ಹೈದರಾಬಾದಿಗೆ ಹೋಗ್ತೈತಿ?"

ಹುಡುಗನ ಹಂತ್ಯಾಕ ಉತ್ತರ ಇರಲಿಲ್ಲ. ಇರೂದು ಹೆಂಗ? ಅವನೂ ಅಲ್ಲೆ ಕೆಲಸಕ್ಕ ಇರಾಂವ. ಒಳಗಿಂದ ಹಿರಿಯ ಅಡ್ವೈಸರ್ ಬಂದು ಚಾಸಿ ನಂಬರ್ ಹಾಕಿ ನೋಡಿದ್ರು, ಬಾಕಿ ಇರೂದು ಕಾಣ್ತು, ಪಾರ್ಟ್ ಸ್ಟಾಕ್ ಇಲ್ಲ ಅಂದ್ರು, ಬರೂತನಕ ದೂರದ ಓಡಾಟ ಬ್ಯಾಡ್ರಿ ಅಂದ್ರು. ಆ ಹುಣ್ಣಿಮಿಗೆ ಚಿಗವ್ವ ಹುಲಿಗಿಗೆ ಬಸ್ಸಿನಾಗ ಹೋದ್ರು. ಪಾರ್ಟ್ ಬಂದ ಮ್ಯಾಲ ಕೆಲಸ ಚೊಕ್ಕ ಮಾಡಿಕೊಟ್ರು. ಹಿಂದಿನ ಸೀಟು ಎತ್ತಿದ್ರ ಕೆಳಗ ಒಂದು ದುಂಡನ ಮುಚ್ಚಳ, ಅದರ ಕೆಳಗ ಪಂಪು. ಹಳೇದು ತಗದು ಟ್ರೇದಾಗ ಇಟ್ಟು ತೋರ್ಸಿದ್ರು, ಪೆಟ್ರೋಲ್ ತೊಟ್ಟಿಕ್ಕತಿತ್ತು. ಹೊಸದು ಕುಂದ್ರಿಸಿದ್ರು. ಜಾಬ್ ಕಾರ್ಡಿನಾಗ ಪಾರ್ಟಿಗೂ ಸೊನ್ನೆ, ಕೂಲಿಗೂ ಸೊನ್ನೆ. ಈಗ ಗಾಡಿ ಒಂದ ಸಲ ಸೆಲ್ಫ್ ಹೊಡದ್ರ ಚಾಲೂ ಆಗ್ತೈತಿ.

ಈಗ ಕಾಯ್ದೆ ಮಾತು. ಮೊದ್ಲು ನಮ್ಮ ದೇಶದಾಗ ರಿಕಾಲ್ ಅನ್ನೋದು ಕಂಪನಿಗಳ ಸ್ವಂತ ಇಷ್ಟ. 2012ರಿಂದ ತಯಾರಕರ ಸಂಘ ಸಿಯಾಮ್ ಮಾಡ್ಕೊಂಡ ಒಂದು ನಿಯಮ ಇತ್ತು, ಅಷ್ಟ. 2019ರಾಗ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಗಿ 110ಎ ಕಲಂ ಬಂತು. 2021ರ ಏಪ್ರಿಲ್ 1ರಿಂದ ಸರ್ಕಾರನ ಕಂಪನಿಗೆ "ವಾಪಸ್ ಕರಿ" ಅಂತ ಆದೇಶ ಮಾಡಬಹುದು, ದಂಡ ₹1 ಕೋಟಿತನಕ ಹಾಕಬಹುದು. ಒಳ್ಳೇ ಹೆಜ್ಜಿ. ಆದ್ರ ಈ ಕಡ್ಡಾಯ ಏಳು ವರ್ಷದೊಳಗಿನ ಗಾಡಿಗಷ್ಟ. ನಮ್ಮ ಊರಿನ ಸೆಕೆಂಡ್ ಹ್ಯಾಂಡ್ ಗಾಡಿ ಎಷ್ಟೋ ಎಂಟು, ಹತ್ತು, ಹನ್ನೆರಡು ವರ್ಷದವು. ಕಂಪನಿ ತಾನಾ ಮನಸ್ಸು ಮಾಡಿ ಕರದ್ರ ಪುಣ್ಯ. ಹಳೇ ಗಾಡ್ಯಾಗ ಕುಂತವರ ಜೀವ ಹಳೇದೇನ್ರಿ?

ಕೋರ್ಟ್ ಮಾತ್ರ ಗ್ರಾಹಕರ ಕಡೆ ಗಟ್ಟಿ ನಿಂತೈತಿ. 2015ರಾಗ ತಗೊಂಡ ಒಂದು ಹ್ಯುಂಡೈ ಕ್ರೆಟಾ 2017ರಾಗ ದಿಲ್ಲಿ–ಪಾಣಿಪತ್ ಹೆದ್ದಾರಿ ಮ್ಯಾಲ ಅಪಘಾತ ಆದಾಗ ಏರ್‌ಬ್ಯಾಗ್ ತೆರಕೊಳ್ಳಲಿಲ್ಲ. ಹೊಡ್ತದ ಬಲ ಸಾಲಲಿಲ್ಲ ಅಂತ ಕಂಪನಿ ವಾದ ಮಾಡ್ತು. 2022ರ ಏಪ್ರಿಲ್‌ನಾಗ ಸುಪ್ರೀಂ ಕೋರ್ಟ್ ಕಂಪನಿ ಅಪೀಲು ವಜಾ ಮಾಡ್ತು. ವೇಗ, ಬಲ ಅಂತ ಲೆಕ್ಕ ಹಾಕಾಕ ಗಾಡಿ ತಗೊಳ್ಳಾಂವ ಭೌತಶಾಸ್ತ್ರದ ಪಂಡಿತ ಆಗಿರಬೇಕಿಲ್ಲ ಅನ್ನೋ ಅರ್ಥದ ಮಾತು ಹೇಳ್ತು. ಏರ್‌ಬ್ಯಾಗ್ ಐತಿ ಅಂತ ಹೇಳಿ ಮಾರಿದ ಮ್ಯಾಲ ಹೊತ್ತಿಗೆ ತೆರ್ಕೋಬೇಕು. ನಮ್ಮ ಕಾಕಾನೂ ಇದನ್ನ ಕೇಳೂದು.

ನಾನು ಕೇಳೂದೂ ದೊಡ್ಡದೇನಲ್ಲ. ಗಾಡಿ ಹೆಸರು ಬದಲಿ ಆಗೂ ಮುಂದ ಆರ್‌ಟಿಓ ದಾಖಲೆಯೊಳಗ ಹೊಸಾ ಮಾಲಕರ ಫೋನ್ ನಂಬರ್ ಸೇರ್ತೈತಿ. ರಿಕಾಲ್ ಮಾಡೂ ಕಂಪನಿ ಆ ನಂಬರಿಗೆ ಮೆಸೇಜ್ ಹೋಗೂಹಂಗ ಮಾಡ್ಲಿ. ಕನ್ನಡದಾಗ ಬರ್ಲಿ. ಹೆಸರು ಬದಲಿ ಆಗೂ ದಿನಾನ "ಈ ಗಾಡಿಗೆ ಇಂಥಾ ಪಾರ್ಟ್ ಬದಲಿ ಬಾಕಿ ಐತಿ" ಅಂತ ಒಂದು ಸಾಲು ಕಾಣ್ಲಿ. ಇದನ್ನ ಮಾಡಿದ ಕಂಪನಿ ಎಷ್ಟು ರಿಕಾಲ್ ಮಾಡಿದ್ರೂ ನಾನು ಅದರ ಗಾಡಿ ತಗೋತೀನಿ, ನಾಕು ಮಂದಿಗೂ ಹೇಳ್ತೀನಿ.

ಅಲ್ಲೀತನಕ ಸೆಕೆಂಡ್ ಹ್ಯಾಂಡ್ ಗಾಡಿ ನೋಡಾಕ ಹೋದವರು ಅಡ್ವಾನ್ಸ್ ಕೊಡೂ ಮುಂಚೆ ಚಾಸಿ ನಂಬರ್ ಕೇಳ್ರಿ. ಏಜೆಂಟ್ ಕೊಡಾಕ ಹಿಂದ ಮುಂದ ನೋಡಿದ್ರ ಆ ಗಾಡಿ ಬಿಡ್ರಿ. ತಗೊಂಡ ಮ್ಯಾಲ ಕಂಪನಿ ಶೋರೂಮಿಗೆ ಹೋಗಿ ನಿಮ್ಮ ಹೆಸರು, ಫೋನ್ ನಂಬರ್ ಬರಸ್ರಿ, ಆರ್‌ಸಿ ಬದಲಿ ಮಾಡ್ಸಿದ್ರ ಕಂಪನಿಗೆ ತಾನಾ ಗೊತ್ತಾಗ್ತೈತಿ ಅಂತ ಕುಂದ್ರಬ್ಯಾಡ್ರಿ. ರಿಕಾಲ್ ಕೆಲಸಕ್ಕ ಯಾರರ ರೊಕ್ಕ ಕೇಳಿದ್ರ, ಇಲ್ಲಾ ತಿಂಗಳುಗಟ್ಲೆ ಅಡ್ಡಾಡಸಿದ್ರ, 1915ಕ್ಕ ಫೋನ್ ಮಾಡ್ರಿ, ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ.

ಬರೂ ಭಾನುವಾರ ಕಾಕಾನ ಮನಿ ಕಟ್ಟೀ ಮ್ಯಾಲ ಲ್ಯಾಪ್‌ಟಾಪ್ ಇಟ್ಕೊಂಡು ಕುಂದ್ರತೀನಿ. ನಮ್ಮ ಓಣ್ಯಾಗ ಯಾರ್ಯಾರ ಹಂತ್ಯಾಕ ಹಳೇ ಗಾಡಿ ಅದಾವೋ, ಆರ್‌ಸಿ ತಗೊಂಡು ಬರ್ರಿ, ಕೂಡೇ ನೋಡೂಣು.