ಜಿಫೋರ್ಟ್ರಾನ್ ಬಿದ್ದರೆ ಬಗ್ ಹಿಡಿಯೋದು ಹೇಗೆ?

ಜಿಫೋರ್ಟ್ರಾನ್ ಅಂದರೆ ಫೋರ್ಟ್ರಾನ್ ಭಾಷೆಯ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಕಂಪೈಲರ್. ಅದು ಬಿದ್ದಾಗ ಸ್ಕ್ರೀನಲ್ಲಿ ಕಾಣುತ್ತದಲ್ಲಾ, "ಇಂಟರ್ನಲ್ ಕಂಪೈಲರ್ ಎರರ್" ಅಂತ, ಇದು ನಿಮ್ಮ ತಪ್ಪಲ್ಲ. ಕೋಡ್ ಸರಿ ಇರಲಿ, ತಪ್ಪಿರಲಿ, ಕಂಪೈಲರ್ ಬೀಳಬಾರದು. ತಪ್ಪಿದ್ದರೆ ತಪ್ಪು ಅಂತ ಹೇಳಿ ನಿಲ್ಲಬೇಕು, ಅಷ್ಟೇ.

ಇದೇ ಫೈಲ್ ಹಳೇ ಜಿಫೋರ್ಟ್ರಾನ್‌ನಲ್ಲಿ ಕಂಪೈಲ್ ಆಗುತ್ತಿತ್ತಾ? ಹಾಗಾದರೆ ಇದು ರಿಗ್ರೆಶನ್, ಅಂದರೆ ಮೊದಲು ಸರಿ ಇದ್ದದ್ದು ಹೊಸ ಬದಲಾವಣೆಯಿಂದ ಕೆಟ್ಟಿದ್ದು. ಖುಷಿ ಪಡಿ. ಕಂಪೈಲರ್ ಕೋಡಿಗೆ ಮಾಡಿದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಒಂದು ಒಳ್ಳೇ ಕಮಿಟ್ ಗೊತ್ತು, ಒಂದು ಕೆಟ್ಟ ಕಮಿಟ್ ಗೊತ್ತು, ನಡುವೆ 10,000 ಕಮಿಟ್ ಇದ್ದರೂ ಗಿಟ್ ಬೈಸೆಕ್ಟ್ ಅನ್ನೋ ಕಮಾಂಡ್ ಪ್ರತಿ ಸಲ ಅರ್ಧ ಮಾಡುತ್ತಾ ಹೋಗಿ ಸುಮಾರು 14 ಬಿಲ್ಡ್‌ಗಳಲ್ಲಿ ಕಳ್ಳನನ್ನು ಹಿಡಿದುಕೊಡುತ್ತದೆ.

ಆದರೆ ಇಡೀ ಜಿಸಿಸಿಯನ್ನು (ಜಿಫೋರ್ಟ್ರಾನ್ ಸೇರಿರುವ ಕಂಪೈಲರ್‌ಗಳ ಗುಂಪು) 14 ಸಲ ಬಿಲ್ಡ್ ಮಾಡುತ್ತಾ ಕೂತರೆ ಲ್ಯಾಪ್‌ಟಾಪ್ ಮೇಲೆ ದೋಸೆ ಹುಯ್ಯಬಹುದು. ಅದಕ್ಕೇ ಬೂಟ್‌ಸ್ಟ್ರ್ಯಾಪ್ (ಕಂಪೈಲರ್ ತನ್ನನ್ನೇ ಮತ್ತೆ ಕಂಪೈಲ್ ಮಾಡಿಕೊಳ್ಳುವುದು) ಆಫ್ ಮಾಡಿ, ಫೋರ್ಟ್ರಾನ್ ಮಾತ್ರ ಆರಿಸಿ, "ಮೇಕ್ ಆಲ್-ಜಿಸಿಸಿ" ಕೊಡಿ. ಫೋರ್ಟ್ರಾನ್ ಓದುವ ಅಸಲಿ ಪ್ರೋಗ್ರಾಂ ಹೆಸರು ಎಫ್951. ಅದೊಂದು ಸಿಕ್ಕರೆ ಸಾಕು, ಫೈಲನ್ನು ನೇರವಾಗಿ ಅದಕ್ಕೇ ಕೊಡಿ. ಕೋಡಲ್ಲಿ ಐಟ್ರಿಪಲ್‌ಇ ಮಾಡ್ಯೂಲ್ (ಫ್ಲೋಟಿಂಗ್ ಪಾಯಿಂಟ್ ಲೆಕ್ಕದ್ದು) ಬಳಸಿದ್ದರೆ ಫೋರ್ಟ್ರಾನ್ ಲೈಬ್ರರಿಯೂ ಬೇಕಾಗುತ್ತದೆ. ಬಿಲ್ಡೇ ಆಗದ ಕಮಿಟ್ ಸಿಕ್ಕರೆ ಪ್ರತಿ ಕಮಿಟಿಗೂ ಬೈಸೆಕ್ಟ್ ಓಡಿಸುವ ನಿಮ್ಮ ಸ್ಕ್ರಿಪ್ಟ್ 125 ಅನ್ನೋ ಎಕ್ಸಿಟ್ ಕೋಡ್ ಕೊಟ್ಟು ಹೊರಬರಲಿ, ಬೈಸೆಕ್ಟ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಇನ್ನೊಂದು ಮಾತು: ಸ್ಕ್ರಿಪ್ಟ್ ಸುಮ್ನೆ "ಕಂಪೈಲ್ ಆಯಿತಾ ಇಲ್ಲವಾ" ಅಂತ ನೋಡಬಾರದು, ಆ ಎರರ್ ಸಾಲನ್ನೇ ಹುಡುಕಬೇಕು. ಇಲ್ಲದಿದ್ದರೆ ಬೇರೆ ಯಾವುದೋ ಎರರ್ ಬಂದರೂ ಅದನ್ನೇ ಕ್ರ್ಯಾಶ್ ಅಂದುಕೊಳ್ಳುತ್ತದೆ.

ಇಷ್ಟು ಸುಲಭದ್ದು. ಕಂಪೈಲ್ ಚೆನ್ನಾಗೇ ಆಗಿ, ಪ್ರೋಗ್ರಾಂ ಓಡುವಾಗ ಬಿದ್ದರೆ ಮಾತ್ರ ತಲೆನೋವು ಶುರು.

2019ರಲ್ಲಿ ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಭಾಷೆಯವರಿಗೆ ಹೀಗೇ ಆಯಿತು. ಹೊಸ ಜಿಫೋರ್ಟ್ರಾನ್‌ನಲ್ಲಿ ಕಂಪೈಲ್ ಮಾಡಿದ ಲಾಪ್ಯಾಕ್ (ಮ್ಯಾಟ್ರಿಕ್ಸ್ ಲೆಕ್ಕಗಳ ಫೋರ್ಟ್ರಾನ್ ಲೈಬ್ರರಿ) ಜೊತೆ ಕೆಲವು ಪ್ಯಾಕೇಜ್‌ಗಳು ಕ್ರ್ಯಾಶ್ ಆಗತೊಡಗಿದವು. ಫೋರ್ಟ್ರಾನ್‌ನಲ್ಲಿ ಒಂದು ಫಂಕ್ಷನ್‌ಗೆ ಕ್ಯಾರೆಕ್ಟರ್ (ಅಕ್ಷರಗಳ ಡೇಟಾ) ಕಳಿಸಿದರೆ ಅದರ ಉದ್ದವೂ ಆರ್ಗ್ಯುಮೆಂಟ್‌ಗಳ ಕೊನೆಯಲ್ಲಿ ಗುಟ್ಟಾಗಿ ಹೋಗುತ್ತದೆ. ಸಿ ಕೋಡಿನಿಂದ ಲಾಪ್ಯಾಕ್ ಕರೆಯುವವರು, ಇರೋದು ಒಂದೇ ಅಕ್ಷರ ತಾನೇ ಅಂತ, ವರ್ಷಗಟ್ಟಲೆ ಆ ಉದ್ದ ಕಳಿಸುತ್ತಲೇ ಇರಲಿಲ್ಲ. ಹೇಗೋ ನಡೆಯುತ್ತಿತ್ತು. ಆದರೆ ಟೇಲ್ ಕಾಲ್ ಆಪ್ಟಿಮೈಸೇಶನ್ (ಒಂದು ಫಂಕ್ಷನ್ ಕೊನೆಯಲ್ಲಿ ಇನ್ನೊಂದನ್ನು ಕರೆದರೆ, ಮೊದಲನೆಯದರ ಸ್ಟ್ಯಾಕ್ ಜಾಗವನ್ನೇ, ಅಂದರೆ ಅದರ ಮೆಮೊರಿಯನ್ನೇ, ಮತ್ತೆ ಬಳಸುವ ಕಂಪೈಲರ್ ಉಪಾಯ), ಆ ಉದ್ದ ಇರಬೇಕಾದ ಸ್ಟ್ಯಾಕ್ ಜಾಗ ತನ್ನದೇ ಅಂತ ನಂಬಿ ಅಲ್ಲೇ ಬರೆಯಿತು. ಅಲ್ಲಿ ಇದ್ದದ್ದು ಕರೆದವರ ಡೇಟಾ!

ಇಲ್ಲಿ ಬೈಸೆಕ್ಟ್ ಮಾಡಿದರೆ ಅದು ಜಿಸಿಸಿ ಕಮಿಟನ್ನೇ ತೋರಿಸುತ್ತದೆ. ತಪ್ಪು ಇರೋದು ಸಿ ಕೋಡಲ್ಲಿ. ಹಾಗಂತ ಜಿಸಿಸಿಯವರು ಕೈ ತೊಳೆದುಕೊಳ್ಳಲಿಲ್ಲ, "ಎಫ್‌ಟೇಲ್-ಕಾಲ್-ವರ್ಕರೌಂಡ್" ಅನ್ನೋ ಆಪ್ಶನ್ ತಂದು, ಇಂಥ ಕಡೆ ಆ ಆಪ್ಟಿಮೈಸೇಶನ್ ನಿಲ್ಲಿಸಲು ಅದನ್ನು ಡೀಫಾಲ್ಟ್ ಆಗಿ ಆನ್ ಇಟ್ಟರು. ನನ್ನ ಪ್ರಕಾರ ಸರಿಯಾದ ನಿರ್ಧಾರವೇ. ಲಾಪ್ಯಾಕ್ ಕರೆಯುವ ಅಷ್ಟೂ ಹಳೇ ಕೋಡನ್ನು ಯಾರು ತಿದ್ದುತ್ತಾ ಕೂರುತ್ತಾರೆ, ಅಲ್ವಾ?

ನಿಮ್ಮಲ್ಲೂ ಸಿ ಮತ್ತು ಫೋರ್ಟ್ರಾನ್ ಸೇರುವ ಕಡೆ ಹೀಗೆ ಬೀಳುತ್ತಿದ್ದರೆ, ಬೈಸೆಕ್ಟ್ ಆಮೇಲೆ. ಮೊದಲು "ಎಫ್‌ನೋ-ಆಪ್ಟಿಮೈಸ್-ಸಿಬ್ಲಿಂಗ್-ಕಾಲ್ಸ್" ಹಾಕಿ (ಇದು ಟೇಲ್ ಕಾಲ್ ಆಪ್ಟಿಮೈಸೇಶನ್ ಆಫ್ ಮಾಡುತ್ತದೆ) ಫೋರ್ಟ್ರಾನ್ ಕೋಡನ್ನು ಮತ್ತೆ ಕಂಪೈಲ್ ಮಾಡಿ. ಕ್ರ್ಯಾಶ್ ಹೋಯಿತಾ? ಹಾಗಾದರೆ ಸಿ ಕಡೆಯಲ್ಲಿ ಯಾವ ಫಂಕ್ಷನ್‌ಗೆ ಏನೇನು ಕಳಿಸಬೇಕು ಅಂತ ಹೇಳುವ ಪ್ರೋಟೋಟೈಪ್‌ಗಳನ್ನು ತೆರೆದು, ಉದ್ದ ಕಳಿಸುತ್ತಿದ್ದೀರಾ ಅಂತ ಒಂದೊಂದಾಗಿ ನೋಡಿ.