ಕಡಲತಳದ ಕೆಸರಿನಲ್ಲಿ ಸಿಲಿಕಾ ಎಷ್ಟಿದೆ?

ಕೇಳುಗರಿಗೆ ನಮಸ್ಕಾರ. ಕಡಲತಳದ ಕೆಸರಿನಲ್ಲಿ ಎರಡು ಬಗೆಯ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ವಸ್ತು, ಬೆರೆತಿರುತ್ತದೆ. ಒಂದು, ನದಿಯೂ ಗಾಳಿಯೂ ನೆಲದಿಂದ ತಂದ ಮರಳು, ಜೇಡಿಯದು. ಇನ್ನೊಂದು, ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ರೇಡಿಯೋಲೇರಿಯನ್ ಎಂಬ ಏಕಕೋಶ ಜೀವಿ, ಸ್ಪಂಜುಗಳು ಮೈಗೆ ಕಟ್ಟಿಕೊಂಡದ್ದು; ಇದನ್ನು ಓಪಲ್ ಎನ್ನುತ್ತಾರೆ. ಹಿಂದೆ ಕಡಲಿನ ಮೇಲ್ಪದರದಲ್ಲಿ ಜೀವಿಗಳು ಎಷ್ಟು ಬೆಳೆದಿದ್ದವು ಎಂಬ ಸುಳಿವು ಸಿಗುವುದು ಓಪಲ್‌ನಿಂದ. ಒಟ್ಟು ಸಿಲಿಕಾ ಅಳೆಯುವುದು ಸುಲಭ, ಇವೆರಡನ್ನು ಬೇರ್ಪಡಿಸುವುದೇ ಕಷ್ಟ.

ಬಿಸಿ ಕ್ಷಾರದಲ್ಲಿ ಓಪಲ್ ಬೇಗ ಕರಗುತ್ತದೆ. ಜೇಡಿ ನಿಧಾನವಾಗಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕರಗುತ್ತಾ ಹೋಗುತ್ತದೆ. 1981ರಲ್ಲಿ ಸಾಗರವಿಜ್ಞಾನಿ ಡಿಮಾಸ್ಟರ್ ಪ್ರಕಟಿಸಿದ ವಿಧಾನಕ್ಕೆ ಈ ವ್ಯತ್ಯಾಸವೇ ಆಧಾರ.

ಒಣಗಿಸಿ ನುಣ್ಣಗೆ ಪುಡಿಮಾಡಿದ ಕೆಸರು 30 ಮಿಲಿಗ್ರಾಂ, ಶೇಕಡಾ 1ರ ಸೋಡಿಯಂ ಕಾರ್ಬೊನೇಟ್ ದ್ರಾವಣ 40 ಮಿಲಿಲೀಟರ್. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು. ಗಾಜನ್ನು ಈ ಕ್ಷಾರ ತಾನೇ ಕರಗಿಸುತ್ತದೆ, ಪಾತ್ರೆಯ ಸಿಲಿಕಾ ಕೆಸರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. 85 ಡಿಗ್ರಿ ಸೆಲ್ಸಿಯಸ್‌ನ ನೀರಿನ ತೊಟ್ಟಿಯಲ್ಲಿಟ್ಟು ಆಗಾಗ ಅಲುಗಿಸಬೇಕು. ಪುಡಿ ತಳದಲ್ಲಿ ಗಟ್ಟಿಕಟ್ಟಿದರೆ ಒಳಗಿನ ಓಪಲ್ ಕರಗದೆ ಉಳಿಯುತ್ತದೆ.

3, 4, 5ನೇ ಗಂಟೆಗಳಲ್ಲಿ ತಿಳಿಯಾದ ದ್ರಾವಣದಿಂದ ಒಂದೊಂದು ಮಿಲಿಲೀಟರ್ ತೆಗೆದು, 9 ಮಿಲಿಲೀಟರ್ 0.021 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಬೇಕು. ಕ್ಷಾರ ಅಲ್ಲಿಗೆ ತಟಸ್ಥವಾಗುತ್ತದೆ, ದ್ರಾವಣ ಹತ್ತು ಪಟ್ಟು ತೆಳುವಾಗುತ್ತದೆ. ಆಮೇಲೆ ಕರಗಿದ ಸಿಲಿಕಾದೊಡನೆ ಕೂಡಿ ಬಣ್ಣ ಕೊಡುವ ಮಾಲಿಬ್ಡೇಟ್ ಎಂಬ ರಾಸಾಯನಿಕ ಸೇರಿಸಿದರೆ ಹಳದಿ ಬಣ್ಣ. ಅಪಕರ್ಷಕ ಹಾಕಿದರೆ ನೀಲಿ. ನಡುವೆ ಆಕ್ಸಾಲಿಕ್ ಆಮ್ಲ ಹಾಕುವುದನ್ನು ಮರೆಯಬಾರದು, ಇಲ್ಲವಾದರೆ ಫಾಸ್ಫೇಟ್ ಕೂಡ ನೀಲಿ ಕೊಡುತ್ತದೆ. ನೀಲಿಯ ಗಾಢತೆಯನ್ನು ಸುಮಾರು 810 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಬೇಕು. ಕ್ಷಾರ, ಆಮ್ಲ ಕೂಡಿದಾಗ ಉಪ್ಪು ಉಂಟಾಗುತ್ತದೆ; ಹೋಲಿಕೆಗಿಡುವ ಪ್ರಮಾಣ ದ್ರಾವಣಗಳಲ್ಲೂ ಅಷ್ಟೇ ಉಪ್ಪು ಇರಲಿ.

ಈಗ ಲೆಕ್ಕ. ತೆಳುವಾಗಿಸುವ ಮುಂಚಿನ ಮೂಲ ದ್ರಾವಣದಲ್ಲಿ, ಆ ಮೂರು ಗಂಟೆಗಳಿಗೆ ಕ್ರಮವಾಗಿ, ಲೀಟರಿಗೆ 860, 880, 900 ಮೈಕ್ರೊಮೋಲ್ ಸಿಲಿಕಾನ್ ಬಂತೆನ್ನಿ. ಗಂಟೆಗೆ 20ರಂತೆ ಏರುತ್ತಿರುವುದು ಜೇಡಿಯ ಪಾಲು. ಈ ಮೂರು ಅಳತೆಗಳನ್ನು ಸೇರಿಸುವ ಗೆರೆಯನ್ನು ಸೊನ್ನೆ ಗಂಟೆಗೆ ಹಿಂದೆಳೆದರೆ 800, ಅದು ಓಪಲ್‌ನದು. ಅಂದರೆ 40 ಮಿಲಿಲೀಟರ್‌ನಲ್ಲಿ ಸುಮಾರು 0.9 ಮಿಲಿಗ್ರಾಂ ಸಿಲಿಕಾನ್, ಕೆಸರಿನ ತೂಕದಲ್ಲಿ ಶೇಕಡಾ 3. ಓಪಲ್‌ನಲ್ಲಿ ಆಮ್ಲಜನಕದ ಜೊತೆಗೆ ನೀರೂ ಇರುವುದರಿಂದ 2.4ರಿಂದ ಗುಣಿಸಿ ಶೇಕಡಾ 7.2 ಎಂದು ಬರೆಯುವುದು ರೂಢಿ. ಸಿಲಿಕಾ ಎಂದೇ ಬರೆದರೆ 6.4. ಯಾವುದನ್ನು ಬರೆದಿದ್ದೀರಿ ಎಂದು ಹೇಳದಿದ್ದರೆ ಓದುವವರು ದಾರಿ ತಪ್ಪುತ್ತಾರೆ.

ರೇಡಿಯೋಲೇರಿಯನ್, ಸ್ಪಂಜಿನ ಮುಳ್ಳುಗಳು ಹೆಚ್ಚಿರುವ ಕೆಸರಿಗೆ ಮಾತ್ರ ಈ ಗೆರೆಯನ್ನು ನಂಬಲಾಗದು. ಅವು ಡಯಾಟಮ್‌ಗಿಂತ ನಿಧಾನವಾಗಿ ಕರಗಿ ಜೇಡಿಯ ಪಾಲಿನಂತೆ ಕಾಣುತ್ತವೆ, ಓಪಲ್ ಕಡಿಮೆ ಬರುತ್ತದೆ. ಅಂಥ ಕೆಸರಿಗೆ 2 ಮೋಲಾರ್ ಕಾರ್ಬೊನೇಟ್‌ನಂಥ ಬಲವಾದ ಕ್ಷಾರ ಬೇಕು. 5 ಗಂಟೆಯ ನಂತರ ಉಳಿದ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕರಗದ ಮುಳ್ಳುಗಳು ಉಳಿದಿವೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.