ನೀರಿನ ಲೆಕ್ಕ

ತೆರೆಯ ಮೇಲೆ ಕಾಣುತ್ತಿರುವುದು ನಮ್ಮ ಸಿಂಕಿನ ಕೆಳಗಿನ ಬಕೆಟ್. ಚೆಂದವೇನಿಲ್ಲ, ಕ್ಷಮಿಸಿ. ಮಿನಿಮಲಿಸಂ, ಅಂದರೆ ಕಡಿಮೆ ವಸ್ತುಗಳಲ್ಲಿ ಬದುಕುವುದು ಎಂದು ಹೇಳಿಕೊಂಡು ಹೊಸ ಗಾಜಿನ ಭರಣಿಗಳನ್ನು ಕೊಂಡು ಸಾಲಾಗಿ ಜೋಡಿಸುವ ವಿಡಿಯೊ ಇದಲ್ಲ. ಕುಡಿಯುವ ನೀರನ್ನು ಶುದ್ಧಗೊಳಿಸುವ ಆರ್‌ಒ ಯಂತ್ರ ಚರಂಡಿಗೆ ಬಿಡುತ್ತಿದ್ದ ನೀರು ಈಗ ಇದಕ್ಕೆ ಬೀಳುತ್ತದೆ. ಲವಣಾಂಶ ಹೆಚ್ಚಿರುವುದರಿಂದ ಗಿಡಗಳಿಗೆ ಹಾಕುವುದಿಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಯಿತು. ಬಕೆಟ್ ಹೊರುವುದು ನನ್ನ ಗಂಡನ ಕೆಲಸ. ಮಿತವ್ಯಯದ ಭಾರವೆಲ್ಲ ಮನೆಯ ಹೆಂಗಸರ ಸೊಂಟಕ್ಕೇ ಬೀಳಬೇಕೆಂದಿಲ್ಲವಲ್ಲ!

ಈ ಅಭ್ಯಾಸಗಳೆಲ್ಲ ಅತ್ತೆಯವರದು. ಪಾವಗಡದ ಕಡೆಯವರು, ನೀರಿನ ಬರ ಕಂಡು ಬೆಳೆದವರು. ಅವರು ಸೊಪ್ಪು ತೊಳೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಲ್ಲಿಯ ಕೆಳಗೆ ಹಿಡಿಯುವುದಿಲ್ಲ. ಅಗಲವಾದ ಬೋಗುಣಿಯಲ್ಲಿ ಮುಳುಗಿಸಿ, ಅಲ್ಲಾಡಿಸಿ, ಒಂದು ಗಳಿಗೆ ಬಿಡುತ್ತಾರೆ. ನಾನು ನೀರನ್ನು ಬಗ್ಗಿಸಲು ಹೋದರೆ, “ನೀರು ಬಗ್ಗಿಸಬೇಡಮ್ಮ, ಸೊಪ್ಪು ಎತ್ತಿಕೊ” ಎನ್ನುತ್ತಾರೆ. ಎತ್ತಿದರೆ ಮಣ್ಣು ತಳದಲ್ಲೇ ಉಳಿಯುತ್ತದೆ. ಬಗ್ಗಿಸಿದರೆ ಮತ್ತೆ ಸೊಪ್ಪಿನ ಮೇಲೆಯೇ ಹರಿಯುತ್ತದೆ. ಎರಡು ಬೋಗುಣಿ ನೀರಿಗೆ ದಂಟಿನ ಸೊಪ್ಪು ಹಲ್ಲಿಗೆ ಕರಕರ ಎನ್ನುವುದಿಲ್ಲ. ಆ ನೀರೂ ಅಕ್ಕಿ ತೊಳೆದ ನೀರೂ ಕರಿಬೇವಿನ ಕುಂಡಕ್ಕೆ.

ಬೆಂಗಳೂರಿನ ನಲ್ಲಿಗೆ ಕಾವೇರಿ ತಾನಾಗಿ ಹರಿದು ಬರುವವಳಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಿ ತರುತ್ತಾರೆ. ನಲ್ಲಿ ಸುಮ್ಮನೆ ಹರಿಯುತ್ತಿದ್ದರೆ ನೀರಿನ ಜೊತೆಗೆ ಅಷ್ಟು ವಿದ್ಯುತ್ತನ್ನೂ ಚರಂಡಿಗೆ ಬಿಟ್ಟಂತೆ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್‌ಗೆ ಜನ ಕಾದು ನಿಂತರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಮಳೆ ಬಿದ್ದದ್ದೇ ತಡ, ನಮ್ಮ ಬೀದಿಯಲ್ಲಿ ಪೈಪುಗಳು ಮತ್ತೆ ಹೊರಬಂದವು.

ಸ್ನಾನ ಬಕೆಟ್ಟಿನಲ್ಲೇ, ತಲೆಗೆ ಎರೆದುಕೊಳ್ಳುವ ದಿನ ಮಾತ್ರ ಇನ್ನರ್ಧ ಬಕೆಟ್. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆದರೆ ಮನೆಗೆ ಬಂದವರಿಗೆ ಕೊಡುವ ನೀರಿನಲ್ಲಿ ಅತ್ತೆ ಲೆಕ್ಕ ಇಡುವುದಿಲ್ಲ. ಕೊರಿಯರ್ ಹುಡುಗನಿಗೂ ತುಂಬಿದ ಚೊಂಬು, ಜೊತೆಗೆ ಬೆಲ್ಲದ ಚೂರು.

ಇಷ್ಟೆಲ್ಲ ಮಾಡಿ ಎಷ್ಟು ಹಣ ಉಳಿಯಿತು ಎಂದು ಕೇಳುತ್ತೀರಿ. ಒಂದು ಪೈಸೆಯೂ ಇಲ್ಲ. ನಮ್ಮ ಕಟ್ಟಡಕ್ಕೆ ಇರುವುದು ಒಂದೇ ಮೀಟರ್. ಬಿಲ್ಲನ್ನು ಎಲ್ಲ ಮನೆಗಳಿಗೂ ಸಮನಾಗಿ ಹಂಚುತ್ತಾರೆ. ನಾವು ಉಳಿಸಿದ್ದು ಮೇಲಿನ ಮನೆಯ ಶವರಿಗೆ ಹೋಗುತ್ತಿರಬಹುದು ಎಂದು ಅತ್ತೆಗೆ ಹೇಳಿದೆ.

“ಹೋಗಲಿ ಬಿಡಮ್ಮ, ಯಾರೋ ಸ್ನಾನ ಮಾಡಿದರಲ್ಲ” ಎಂದರು.